ಮೈನರ್‌ಗೆ ಜಾಗ ಎಲ್ಲಿ?

ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ ಶುರುವಾಗಿದೆ. ಮೇಜರ್ (ಮುಖ್ಯ ವಿಷಯ) ಜೊತೆ ಮೈನರ್ (ಉಪ ವಿಷಯ) ಕೂಡ ಓದಬಹುದು. ಕಾಸರಗೋಡಿನಲ್ಲಿ ಓದುವ ನನ್ನ ತಂಗಿಯದು ಇಕನಾಮಿಕ್ಸ್ ಮೇಜರ್, ಕನ್ನಡ ಮೈನರ್. ಕೆಲಸ ಹುಡುಕುವ ಜಾಲತಾಣದಲ್ಲಿ ಅವಳ ಪ್ರೊಫೈಲ್ ತುಂಬಲು ಕೂತರೆ, ‘ಫೀಲ್ಡ್ ಆಫ್ ಸ್ಟಡಿ’ಗೆ, ಅಂದರೆ ಓದಿದ ವಿಷಯಕ್ಕೆ, ಇರೋದು ಒಂದೇ ಖಾನೆ! ಕಾಮಾ ಹಾಕಿ ಎರಡನ್ನೂ ತುರುಕಿದರೆ ಡಬಲ್ ಮೇಜರ್ ಅಂದುಕೊಳ್ಳುತ್ತಾರೆ. ಇನ್ನೊಂದು ಡಿಗ್ರಿ ಅಂತ ಸೇರಿಸಿದರೆ ಅಪ್ಪಟ ಸುಳ್ಳು. ಕೆಳಗಿನ ವಿವರಣೆಯಲ್ಲಿ ಬರೆದರೆ ಯಾರು ಓದುತ್ತಾರೆ ಹೇಳಿ? ಕೊನೆಗೆ ಅದೇ ಖಾನೆಯಲ್ಲಿ ‘ಇಕನಾಮಿಕ್ಸ್, ಮೈನರ್: ಕನ್ನಡ’ ಅಂತ ಬರೆದದ್ದಾಯಿತು. ಕನ್ನಡ ಕಾಣಲೇಬೇಕಿತ್ತು: ನಮ್ಮ ಜಿಲ್ಲೆಯ ಕುಂಬಳೆ, ಮಂಜೇಶ್ವರದ ಬ್ಯಾಂಕ್ ಕೌಂಟರಿನಲ್ಲಿ ಕೂರುವವರಿಗೆ ಮಲಯಾಳದಷ್ಟೇ ಕನ್ನಡವೂ ಬೇಕು, ಅಲ್ವಾ? ಮುಖದ ಫೋಟೋ ಹಿಂದೆ ಇನ್ನೊಂದು ಅಗಲದ ಫೋಟೋ ಹಾಕೋಕೆ ಮಾತ್ರ ಆ ಜಾಲತಾಣದಲ್ಲಿ ಧಾರಾಳ ಜಾಗ ಇದೆ!