ಸತ್ಯಾಂಶ: ಎಂ-16 ರೈಫಲ್ ಮತ್ತು ಸೈನಿಕರ ದೂರು

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರೇ ಎಂ-16 ರೈಫಲ್ಲನ್ನು ದೂರಿದ್ದರಿಂದ ಅದರ ವಿನ್ಯಾಸವೇ ನಿಷ್ಪ್ರಯೋಜಕವೆನ್ನುವ ಸಂದೇಶವೊಂದು ಹರಿದಾಡುತ್ತಿದೆ. ದೂರು ಸುಳ್ಳಲ್ಲ, 1967ರಲ್ಲಿ ವಿಯೆಟ್ನಾಂನ ಖೆ ಸಾನ್ ಸುತ್ತಲಿನ ಗುಡ್ಡಗಳಲ್ಲಿ ಕಾದಾಡಿದ ಮರೀನ್ ಯೋಧರು ಅನುಭವಿಸಿದಂತೆ, ಖಾಲಿ ಕಾಡತೂಸು ಚೇಂಬರಿನಲ್ಲೇ (ಹಾರುವ ಮುನ್ನ ಗುಂಡು ಕೂರುವ ಜಾಗ) ಸಿಕ್ಕಿಕೊಂಡು ರೈಫಲ್ ನಿಂತುಹೋಗುತ್ತಿತ್ತು, ಅದು ಪ್ರಾಣಕ್ಕೇ ಕುತ್ತಾಗುತ್ತಿತ್ತು. ಆದರೆ ಕಾರಣ ಬೇರೆಯೇ ಇತ್ತು. ಮೂಲ ಮದ್ದಿನ ಬದಲು ಬಾಲ್ ಪೌಡರ್ ಎಂಬ ಬೇರೆ ಬಗೆಯ ಮದ್ದು ತುಂಬಿದ ಗುಂಡುಗಳನ್ನು ಕೊಟ್ಟಿದ್ದರಿಂದ ಒಂದರ ಹಿಂದೊಂದು ಗುಂಡು ಹಾರುವ ವೇಗವೂ ಒಳಗೆ ಕೂರುವ ಮಸಿಯೂ ಹೆಚ್ಚಿದವು. ತೇವದ ಹವೆಗೆ ಅಗತ್ಯವಾದ ಕ್ರೋಮ್ ಲೇಪನ ಚೇಂಬರಿಗೆ ಇರಲಿಲ್ಲ. ಎಲ್ಲಕ್ಕಿಂತ ಅಕ್ಷಮ್ಯವೆಂದರೆ, ಹೆಚ್ಚು ಶುಚಿಗೊಳಿಸಬೇಕಿಲ್ಲವೆಂಬ ನಂಬಿಕೆಯಲ್ಲಿ ಶುಚಿಗೊಳಿಸುವ ಸಲಕರಣೆಗಳನ್ನೇ ಸಾಕಷ್ಟು ಪೂರೈಸಿರಲಿಲ್ಲ. ಅದೇ ವರ್ಷ ತನಿಖೆ ನಡೆಸಿದ ಅಮೆರಿಕ ಸಂಸತ್ತಿನ ಉಪಸಮಿತಿಯು ಸೇನಾ ಆಡಳಿತವನ್ನು ಕಟುವಾಗಿ ಟೀಕಿಸಿತು. ಕ್ರೋಮ್ ಲೇಪನ, ಒಳಗಿನ ಚಲನೆಯ ರಭಸ ತಗ್ಗಿಸುವ ಹೊಸ ಬಫರ್ ಮತ್ತು ಸರಿಯಾದ ತರಬೇತಿ ದೊರೆತ ಮೇಲೆ ಸುಧಾರಿತ ಮಾದರಿಯಾದ ಎಂ-16ಎ1 ಬಗ್ಗೆ ದೂರುಗಳು ಬಹುಮಟ್ಟಿಗೆ ತಗ್ಗಿದವು.