ಅಜ್ಜಿಯರೂ ನೀರಿಗಿಳಿಯುವ ಕಡಲು

ಅಮೆರಿಕದಲ್ಲಿರುವ ನಮ್ಮವರು ಮೆಕ್ಸಿಕೋಗೆ ಹೋಗಿ ಬಂದೆವು ಅಂದರೆ ಸಾಮಾನ್ಯವಾಗಿ ಅದು ಕಾನ್‌ಕೂನ್. ಏರ್‌ಪೋರ್ಟಿನಿಂದ ನೇರ ರೆಸಾರ್ಟಿಗೆ. ಕೈಗೊಂದು ಪಟ್ಟಿ. ಊಟ, ತಿಂಡಿ, ಈಜುಕೊಳ ಎಲ್ಲ ಆ ಗೇಟಿನೊಳಗೇ. ಮಕ್ಕಳು ಚಿಕ್ಕವರಿದ್ದಾಗ ನಾವೂ ಹಾಗೇ ಹೋಗಿದ್ದೆವು. ಅದರಲ್ಲಿ ತಪ್ಪೇನೂ ಇಲ್ಲ, ದಣಿದವರಿಗೆ ಅದೂ ಬೇಕು. ಆದರೆ ಕಾನ್‌ಕೂನ್‌ನ ಹೋಟೆಲ್ ಸಾಲು ಸರ್ಕಾರವೇ 1970ರ ದಶಕದಲ್ಲಿ ಪ್ರವಾಸಿಗರಿಗೆಂದು ಕಟ್ಟಿಸಿದ್ದು. ಮೆಕ್ಸಿಕೋದ ಜನ ತಮ್ಮ ಕಡಲಿನ ಜೊತೆ ಹೇಗೆ ಬದುಕುತ್ತಾರೆ ಅನ್ನೋದು ಅಲ್ಲಿ ಕಾಣಿಸುವುದು ಕಡಿಮೆ.

ಈ ಸಲ ಕುಂದಾಪುರದಿಂದ ಅಮ್ಮ ಬಂದಿದ್ದಳು. ಕಡಲ ತಡಿಯಲ್ಲೇ ಹುಟ್ಟಿ ಬೆಳೆದವಳು. ಅವಳನ್ನು ಜನ ಬದುಕುವ ಒಂದು ಕಡಲೂರಿಗೆ ಕರೆದುಕೊಂಡು ಹೋಗಬೇಕು ಅನ್ನಿಸಿತು. ಹಾಗಾಗಿ ಪೆಸಿಫಿಕ್ ಕಡೆಯ ಸಾಯುಲೀಟಾ. ನಾವಿರುವ ಡಲ್ಲಾಸ್‌ನಿಂದ ಪೋರ್ಟೊ ವಯಾರ್ಟಾಗೆ ಸುಮಾರು ಮೂರು ಗಂಟೆಯ ವಿಮಾನ, ಅಲ್ಲಿಂದ ಉತ್ತರಕ್ಕೆ ರಸ್ತೆಯಲ್ಲಿ ಸುಮಾರು 40 ಕಿಲೋಮೀಟರ್. ನಯಾರಿತ್ ರಾಜ್ಯದ ಈ ಮೀನುಗಾರರ ಊರು ಈಗ ಸರ್ಫಿಂಗ್‌ಗೆ, ಅಂದರೆ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವ ಆಟಕ್ಕೆ, ಹೆಸರುವಾಸಿ. ಅಪ್ಪ ಅಮ್ಮನ ವೀಸಾ ಬಗ್ಗೆ ಯೋಚಿಸುವವರಿಗೆ ಒಂದು ಮಾತು: ಭಾರತದ ಪಾಸ್‌ಪೋರ್ಟ್ ಇದ್ದರೂ, ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಕಿಲ್ಲ. ಮಲ್ಟಿಪಲ್ ಎಂಟ್ರಿ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ, ವಾಪಸ್ ಬರಬೇಕಲ್ವಾ.

ಭಾನುವಾರ ಅಲ್ಲಿನ ಬೀಚ್ ನೋಡಬೇಕು. ತೆಪಿಕ್, ಗ್ವಾದಲಹಾರಾ ನಗರಗಳಿಂದ ಮನೆಮಂದಿಯೆಲ್ಲ ಬರುತ್ತಾರೆ. ಐಸ್ ಡಬ್ಬ, ಕೊಡೆ, ಪಾತ್ರೆ, ಕೈಗೂಸು, ಅಜ್ಜಿ, ಎಲ್ಲರೂ, ಎಲ್ಲವೂ. ಬೆಳಿಗ್ಗೆ ಬಂದವರು ಸಂಜೆಯವರೆಗೆ ಏಳುವುದಿಲ್ಲ. ಅಜ್ಜಿಗೆ ಪ್ಲಾಸ್ಟಿಕ್ ಕುರ್ಚಿಯನ್ನು ಮರಳಿನ ಮೇಲೆ ಹಾಕುವುದಿಲ್ಲ, ಅಲೆ ಬಂದು ಹೋಗುವ ಜಾಗದಲ್ಲೇ ಹಾಕುತ್ತಾರೆ. ಆಕೆ ಮೈತುಂಬ ಬಟ್ಟೆಯಲ್ಲೇ ನೀರಿನಲ್ಲಿ ಕೂತು ಹರಟುತ್ತಾರೆ. ಸ್ವಲ್ಪ ಹೊತ್ತಿಗೆ ಇಬ್ಬರು ಮೊಮ್ಮಕ್ಕಳ ಕೈ ಹಿಡಿದು ಸೊಂಟದವರೆಗೆ ಇಳಿಯುತ್ತಾರೆ. ಅಲೆ ಬಂದಾಗ ಮೂವರೂ ಒಟ್ಟಿಗೆ ಹಾರುತ್ತಾರೆ. ಯಾರೂ ಅವರನ್ನು ತಿರುಗಿ ನೋಡುವುದಿಲ್ಲ, ಯಾರೂ ಫೋಟೋ ತೆಗೆಯುವುದಿಲ್ಲ.

ಆ ಮರಳಿನ ಮೇಲೆ ಅವರಿಗೆ ಕಾನೂನಿನ ಹಕ್ಕೂ ಇದೆ. ಮೆಕ್ಸಿಕೋದಲ್ಲಿ ಬೀಚುಗಳು ದೇಶದ ಆಸ್ತಿ. ಉಬ್ಬರದ ಗೆರೆಯಿಂದ ಒಳಕ್ಕೆ 20 ಮೀಟರ್ ಪಟ್ಟಿಯೂ ಕೇಂದ್ರ ಸರ್ಕಾರದ್ದೇ. ಹೋಟೆಲಿನವರು ದಾರಿ ಅಡ್ಡಗಟ್ಟಿದರೆ ದಂಡ ಹಾಕುವ ತಿದ್ದುಪಡಿ 2020ರಲ್ಲಿ ಬಂತು. ಅಡ್ಡಗಟ್ಟುವವರು ಈಗಲೂ ಇದ್ದಾರೆ, ಜನ ಜಗಳವನ್ನೂ ಆಡುತ್ತಾರೆ. ಆದರೆ ಕಡಲು ನಮ್ಮದು ಅನ್ನುವ ನಂಬಿಕೆ ಅಲ್ಲಿನ ಬಡವರ ನಡೆಯಲ್ಲೂ ಕಾಣುತ್ತದೆ.

ಮೊದಲ ದಿನ ಅಮ್ಮ ಅಂಚಿನಲ್ಲೇ ನಿಂತಿದ್ದಳು, ಸೀರೆ ನೆರಿಗೆ ಎತ್ತಿ ಹಿಡಿದುಕೊಂಡು. ಪಾದ ನೆನೆದರೆ ಸಾಕು ಅವಳಿಗೆ. ಆಗ ನನಗೆ ಹೊಳೆದದ್ದು ಇದು. ಇವಳ ಇಡೀ ಬದುಕು ಕಡಲಿನ ಸದ್ದು ಕೇಳುವಷ್ಟು ಹತ್ತಿರದಲ್ಲೇ ಕಳೆದಿದೆ. ಆದರೂ ಮೊಣಕಾಲಿಗಿಂತ ಮೇಲಕ್ಕೆ ಇವಳು ನೀರು ಕಂಡದ್ದು ಮರವಂತೆಯ ಕರ್ಕಾಟಕ ಅಮಾವಾಸ್ಯೆಯ ಜಾತ್ರೆಯಲ್ಲಿ ಮಾತ್ರ. ಅದೂ ಮುಳುಗಿ ಎದ್ದು ಬರುವ ಸ್ನಾನ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಅಂತ ಗಾದೆ ಇದೆಯಲ್ಲ, ನಮ್ಮ ಕರಾವಳಿಯ ಹೆಂಗಸರ ಪಾಲಿಗೆ ಅದು ನಿಜ.

ನಮ್ಮಲ್ಲಿ ಕಡಲು ಅಂದರೆ ಗಂಡಸರ ದುಡಿಮೆ. ಹೆಂಗಸರು ಬುಟ್ಟಿ ಹೊತ್ತು ಮೀನು ಮಾರುತ್ತಾರೆ, ಒಣಗಿಸುತ್ತಾರೆ, ದೋಣಿ ಬರುವುದನ್ನು ಕಾಯುತ್ತಾರೆ. ಇಳಿಯುವುದಿಲ್ಲ. ಮಕ್ಕಳಿಗೆ "ಕಡಲ ಬದಿಗೆ ಹೋಗಬೇಡ" ಅಂತ ಹೇಳಿ ಬೆಳೆಸುತ್ತೇವೆ. ಭಯಕ್ಕೆ ಕಾರಣವಿದೆ, ಮನೆಯ ಗಂಡಸರನ್ನು ಕಡಲಿಗೆ ಕಳೆದುಕೊಂಡ ಕೇರಿಗಳು ನಮ್ಮವು. ಆದರೆ ಭಯ ಕಲಿಸಿದ ನಾವು ನೀರನ್ನು ಓದುವುದನ್ನು ಕಲಿಸಲಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ ಮಕ್ಕಳ ಸರ್ಫಿಂಗ್ ಪಾಠವನ್ನು ಪಕ್ಕದಲ್ಲೇ ನಿಂತು ನೋಡಿದೆ. ಕಲಿಸಿದವನು ಆ ಊರಿನ ಹುಡುಗ, ಅಪ್ಪ ಮೀನು ಹಿಡಿಯುವವರು. ಸಾಯುಲೀಟಾದಲ್ಲಿ ಮೀನಿನ ದೋಣಿಗಳೂ ಸರ್ಫ್ ಬೋರ್ಡುಗಳೂ ಒಂದೇ ಮರಳಿನ ಮೇಲೆ ಇರುತ್ತವೆ. ಅವನು ಮೊದಲು ಬೋರ್ಡ್ ಮುಟ್ಟಲು ಬಿಡಲಿಲ್ಲ. ಮಕ್ಕಳನ್ನು ಕಡಲಿಗೆ ಮುಖ ಮಾಡಿ ಕೂರಿಸಿದ. ಅಲೆ ಎಲ್ಲಿ ಒಡೆಯುತ್ತಿದೆ ತೋರಿಸಿ. ಎಲ್ಲಿ ಒಡೆಯುತ್ತಿಲ್ಲ? ಒಡೆದ ನೀರೆಲ್ಲ ಯಾವ ದಾರಿಯಲ್ಲಿ ವಾಪಸ್ ಹೋಗುತ್ತಿದೆ? ಮಗಳು ಒಂದು ಸಪಾಟಾದ, ಶಾಂತವಾದ ಜಾಗ ತೋರಿಸಿ ಅಲ್ಲಿ ಇಳಿಯೋಣ ಅಂದಳು. ಅವನು ತಲೆ ಅಲ್ಲಾಡಿಸಿದ. ಎರಡು ಕಡೆ ನೊರೆ ಇದ್ದು ನಡುವೆ ಅಲೆ ಒಡೆಯದೆ ಸುಮ್ಮನೆ ಕಾಣುವ ಜಾಗವೇ ಅಪಾಯದ್ದು. ದಡಕ್ಕೆ ಬಂದ ನೀರು ಅಲ್ಲೇ ಒಟ್ಟಾಗಿ ಹೊರಕ್ಕೆ ಎಳೆಯುತ್ತದೆ. ಸಿಕ್ಕಿಬಿದ್ದರೆ ದಡದ ಕಡೆಗೆ ಹೋರಾಡಬಾರದು, ಸುಸ್ತಾಗಿ ಮುಳುಗುತ್ತೀರಿ. ತೇಲುತ್ತಾ ಇರಿ, ದಡಕ್ಕೆ ಸಮನಾಗಿ ಅಡ್ಡ ಈಜಿ, ಎಳೆತ ನಿಂತ ಮೇಲೆ ಒಳಗೆ ಬನ್ನಿ.

ಆಮೇಲೆ ಮರಳಿನ ಮೇಲೆ ಬೋರ್ಡ್ ಇಟ್ಟು ಏಳುವುದನ್ನು ಅಭ್ಯಾಸ ಮಾಡಿಸಿದ. ಹೊಟ್ಟೆ ಮೇಲೆ ಮಲಗಿ, ಅಂಗೈ ಎದೆ ಪಕ್ಕ, ಒಂದೇ ಸಲಕ್ಕೆ ಎದ್ದು ಕಾಲು ಅಡ್ಡ, ಮಂಡಿ ಬಾಗಿಸಿ. ಕಣ್ಣು ಕಾಲಿನ ಮೇಲೆ ಬೇಡ, ದಡದ ಮೇಲಿರಲಿ. ಕಲಿಯುವವರಿಗೆ ಕೊಡುವುದು ಸುಮಾರು ಒಂಬತ್ತು ಅಡಿಯ ಮೆತ್ತನೆಯ ಫೋಮ್ ಬೋರ್ಡ್. ಕಾಲಿಗೆ ಹಗ್ಗ ಕಟ್ಟಿರುತ್ತದೆ, ಬಿದ್ದರೆ ಬೋರ್ಡ್ ದೂರ ಹೋಗುವುದಿಲ್ಲ. ಮೊದಲಿಗೆ ಒಡೆದು ಬರುವ ಬಿಳಿ ನೊರೆಯಲ್ಲೇ ಕಲಿಯುವುದು, ನೀರು ಸೊಂಟದಷ್ಟೇ. ಸರಿಯಾದ ಹೊತ್ತಿಗೆ ಅವನು ಬೋರ್ಡಿನ ಹಿಂಬದಿ ತಳ್ಳುತ್ತಿದ್ದ. ಮಗಳು ಎದ್ದು ನಿಂತು ದಡದವರೆಗೂ ಬಂದಳು. ಕೂಗಿದ ಕೂಗು ಅಜ್ಜಿಗೂ ಕೇಳಿಸಿತು.

ಆ ಹುಡುಗ ಹೇಳಿದ್ದನ್ನೆಲ್ಲ ಗಂಗೊಳ್ಳಿಯ ಯಾವ ಮೀನುಗಾರರನ್ನು ಕೇಳಿದರೂ ಹೇಳುತ್ತಾರೆ. ನೀರು ಎಲ್ಲಿ ಎಳೆಯುತ್ತದೆ, ಅಳಿವೆಯ ಬಾಯಲ್ಲಿ ಇಳಿತದ ಹೊತ್ತಿಗೆ ಏನಾಗುತ್ತದೆ, ಯಾವ ಗಾಳಿಗೆ ಯಾವ ತೆರೆ ಏಳುತ್ತದೆ. ಈ ತಿಳಿವಳಿಕೆ ನಮ್ಮ ಕರಾವಳಿಯಲ್ಲಿ ತಲೆತಲಾಂತರದಿಂದ ಇದೆ. ಅದು ಕಸುಬಿನವರ ಹತ್ತಿರವೇ ಉಳಿದಿದೆ ಅಷ್ಟೇ. ಅವರ ಹೆಣ್ಣುಮಕ್ಕಳಿಗೂ ದಾಟಲಿಲ್ಲ, ಘಟ್ಟದ ಮೇಲಿನಿಂದ ಬಸ್ಸಿನಲ್ಲಿ ಬರುವ ಶಾಲಾಮಕ್ಕಳಿಗೂ ದಾಟಲಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಹುಡುಗಿಯರು ನೀರುಪಾಲಾದರು. ಆ ಸುದ್ದಿ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಕೆಲವು ದಿನ ಬೀಚನ್ನೇ ಮುಚ್ಚಿದರು. ಮುಚ್ಚುವುದು ಆ ಹೊತ್ತಿಗೆ ಬೇಕಿತ್ತೇನೋ. ಆದರೆ ಪ್ರವಾಸಕ್ಕೆ ಹೊರಡುವ ಮೊದಲು ತರಗತಿಯಲ್ಲಿ ಅರ್ಧ ಗಂಟೆ ಈ ಎಳೆತದ ಪಾಠ, ದಡದಲ್ಲಿ ಬಾವುಟ, ಬಾವುಟದ ಪಕ್ಕ ಊರಿನ ಮೀನುಗಾರ ಯುವಕರು, ಸಂಬಳ ಕೊಟ್ಟು. ಇಷ್ಟು ಮಾಡುವುದು ನಮಗೆ ದೊಡ್ಡ ಮಾತಲ್ಲ.

ಊಟದ ವಿಷಯಕ್ಕೆ ಬರುತ್ತೇನೆ, ಅಮ್ಮನ ಮನಸ್ಸು ಗೆದ್ದದ್ದು ಅದೇ.

ನಯಾರಿತ್‌ನ ಹೆಮ್ಮೆಯ ಅಡುಗೆ ಸರಾಂದೆಯಾದೊ. ಇಡೀ ಮೀನನ್ನು ಸೀಳಿ ಪುಸ್ತಕದಂತೆ ಬಿಡಿಸುತ್ತಾರೆ. ಒಣಮೆಣಸು, ಬೆಳ್ಳುಳ್ಳಿ, ನಿಂಬೆ ಹಾಕಿ ಅರೆದ ಮಸಾಲೆ ಬಳಿದು ತಂತಿಯ ಜಾಲರಿಯಲ್ಲಿ ಸಿಕ್ಕಿಸಿ ಕೆಂಡದ ಮೇಲೆ ಸುಡುತ್ತಾರೆ. ಹಳೆಯ ಕ್ರಮದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಟ್ಟಿಗೆಯ ಹೊಗೆ ಬೇಕು. ಗರಿ ಹೊದಿಸಿದ ಚಪ್ಪರದ ಕೆಳಗೆ, ಕಾಲು ಮರಳಿನಲ್ಲಿಟ್ಟು ತಿನ್ನುವುದು. ಅಮ್ಮ ಮುಳ್ಳು ಬಿಡಿಸುತ್ತಾ, "ಮೀನ್ ಲಾಯ್ಕಿತ್ತ್ ಮಗಾ, ಹುಳಿ ಒಂಚೂರು ಸಾಲ" ಅಂದಳು. ನಿಂಬೆ ಹೋಳು ಮುಂದೆ ಇಟ್ಟರು, ಸರಿಯಾಯಿತು. ಸೆವೀಚೆಗೆ ಅಲ್ಲಿ ಹೆಚ್ಚಾಗಿ ಸಿಯೆರಾ ಮೀನು ಬಳಸುತ್ತಾರೆ. ಅದು ನಮ್ಮ ಅಂಜಲ್‌ನ ಹತ್ತಿರದ ಬಳಗದ್ದು. ಹಸಿ ಮೀನನ್ನು ನಿಂಬೆರಸದಲ್ಲಿ ನೆನೆಸಿ ತಿನ್ನುವುದು ಅಂದಾಗ ಮಾತ್ರ ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು.

ಹೆಂಡತಿ ಶಿವಮೊಗ್ಗದವಳು, ಸಸ್ಯಾಹಾರಿ. ಅವಳಿಗೂ ಕಷ್ಟ ಆಗಲಿಲ್ಲ. ಬೀನ್ಸಿಗೆ ಹಂದಿಕೊಬ್ಬು ಹಾಕುವ ರೂಢಿ ಇದೆ, ಅದನ್ನು ಮೊದಲೇ ಕೇಳಿಕೊಳ್ಳಬೇಕು. ನಮ್ಮ ಬೇಲಿಯ ಪಾಪಸ್‌ಕಳ್ಳಿ ಇದೆಯಲ್ಲ, ಅದರ ಮುಳ್ಳು ತೆಗೆದು ಹೆಂಚಿನ ಮೇಲೆ ಸುಟ್ಟು ಕೊಟ್ಟರು. ಸ್ವಲ್ಪ ಹುಳಿ, ಸ್ವಲ್ಪ ಲೋಳೆ, ಬೆಂಡೆಕಾಯಿ ಇಷ್ಟಪಡುವವರಿಗೆ ಹಿಡಿಸುತ್ತದೆ. ಟೋರ್ಟಿಯಾ ಅನ್ನುವ ಮೆಕ್ಕೆಜೋಳದ ರೊಟ್ಟಿ ಮಾಡುವಾಕೆಯ ಮುಂದೆ ಅಮ್ಮ ಬಹಳ ಹೊತ್ತು ನಿಂತಿದ್ದಳು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ತೊಳೆದು, ಆಮೇಲೆ ರುಬ್ಬುತ್ತಾರೆ. ಸುಣ್ಣ ಇಲ್ಲದಿದ್ದರೆ ಹಿಟ್ಟು ಕೂಡಿಬರುವುದಿಲ್ಲ, ಜೋಳದಲ್ಲಿರುವ ಬಿ3 ಜೀವಸತ್ವವೂ ಮೈಗೆ ಹತ್ತುವುದಿಲ್ಲ. ಯುರೋಪಿನವರು ಜೋಳ ಒಯ್ದರು, ಸುಣ್ಣ ಬಿಟ್ಟರು. ಬರೀ ಜೋಳ ತಿಂದ ಬಡವರಿಗೆ ಬಿ3 ಸಾಲದೆ ಪೆಲಾಗ್ರಾ ರೋಗ ಬಂತು. ಹೊಲದ ಬೆಳೆ ಜೊತೆ ಅಡುಗೆಮನೆಯ ಹೆಂಗಸರ ಅರಿವನ್ನೂ ಕೇಳಿ ಪಡೆಯಬೇಕಿತ್ತು ಅವರು.

ನಮ್ಮ ಮೆಣಸಿನಕಾಯಿಯ ತವರೂ ಅದೇ ನಾಡು, ಪೋರ್ಚುಗೀಸರ ಕೈಯಲ್ಲಿ ನಮ್ಮ ಕಡಲಿಗೆ ಬಂದದ್ದು. ಅದಕ್ಕೆ ಬದಲಾಗಿ ಅನ್ನುವಂತೆ, ಆ ತೀರದ ತೆಂಗು ಏಷ್ಯಾದಿಂದ ಹೋದದ್ದು. 1565ರಿಂದ 1815ರವರೆಗೆ ಮನಿಲಾ ಮತ್ತು ಅಕಾಪುಲ್ಕೋ ನಡುವೆ ಓಡಿದ ಸ್ಪೇನಿನ ಹಡಗುಗಳಲ್ಲಿ ಫಿಲಿಪ್ಪೀನ್ಸ್‌ನ ಜನ ತೆಂಗನ್ನೂ, ಹೊಂಬಾಳೆಯಿಂದ ರಸ ಇಳಿಸುವುದನ್ನೂ ಒಯ್ದರು. ಪೋರ್ಟೊ ವಯಾರ್ಟಾದ ಕಡಲ ದಾರಿಯಲ್ಲಿ ಸೋರೆ ಬುರುಡೆ ಹೊತ್ತವರು ಟುಬಾ ಮಾರುತ್ತಾರೆ. ತೆಂಗಿನ ಹೊಂಬಾಳೆಯ ಸಿಹಿ ರಸ, ಮೇಲೆ ಶೇಂಗಾ, ಸೇಬಿನ ಚೂರು. ಮಕ್ಕಳೂ ಕುಡಿಯುತ್ತಾರೆ. ನಮ್ಮ ತೆಂಗಿನ ನೀರಾ ಹೀಗೆ ಬೀಚಿನಲ್ಲಿ ತಣ್ಣಗೆ ಸಿಗಬೇಕು ಅನ್ನೋದು ನನ್ನ ಆಸೆ.

ಅಲ್ಲಿ ಮುಖ್ಯ ಊಟ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ. ಉಂಡ ಮೇಲೂ ಏಳುವುದಿಲ್ಲ, ಮಾತು ಮುಂದುವರಿಯುತ್ತದೆ. ನೀವು ಕೇಳುವವರೆಗೆ ಬಿಲ್ ತರುವುದಿಲ್ಲ. ಕೇಳದೆ ತಂದರೆ ಎದ್ದು ಹೋಗಿ ಅಂದ ಹಾಗೆ. ಪಕ್ಕದಲ್ಲಿ ಹಾದು ಹೋಗುವ ಅಪರಿಚಿತರೂ ನಿಮ್ಮ ಊಟಕ್ಕೆ ಶುಭ ಕೋರಿ ಹೋಗುತ್ತಾರೆ. ಡಲ್ಲಾಸ್‌ನಲ್ಲಿ ತಟ್ಟೆ ಖಾಲಿಯಾಗುವ ಮೊದಲೇ ಬಿಲ್ ಬಂದು ಕೂತಿರುತ್ತದೆ. ನಮ್ಮೂರ ಹೋಟೆಲುಗಳಲ್ಲಿ ಕುರ್ಚಿಯ ಹಿಂದೆಯೇ ಮುಂದಿನವರು ನಿಂತಿರುತ್ತಾರೆ. ಊರಲ್ಲಿ ಕಡಲ ಬದಿಗೆ ಹೋದರೂ ನಾವು ಚುರುಮುರಿ ತಿಂದು, ಸೂರ್ಯ ಮುಳುಗಿದ ಕೂಡಲೇ ಕಾರು ಹತ್ತುತ್ತೇವೆ. ಅಜ್ಜ ಅಜ್ಜಿಯ ಜೊತೆ ಮೂರು ಗಂಟೆ ಕೂತು ಉಣ್ಣುವ ಜಾಗ ನಮ್ಮ ಬೀಚುಗಳಲ್ಲಿ ಎಷ್ಟಿವೆ ಹೇಳಿ.

ಸಾಯುಲೀಟಾದಲ್ಲಿ ಎಲ್ಲ ಚೆನ್ನಾಗಿದೆ ಅಂತ ಅಲ್ಲ. ಊರು ಬೆಳೆದ ವೇಗಕ್ಕೆ ಒಳಚರಂಡಿ ಸಾಲದೆ ಕೊಳಕು ನೀರು ಕಡಲಿಗೆ ಸೇರಿದ್ದು ಅಲ್ಲಿನ ದೊಡ್ಡ ತಲೆನೋವು. ಮಳೆ ಬಂದ ಮೇಲೆ ಹೊಳೆಯ ಬಾಯಿಯ ಹತ್ತಿರ ಇಳಿಯಬಾರದು. ಬಾಡಿಗೆ ಏರಿ ಊರಿನವರೇ ಹೊರಗೆ ಹೋಗುತ್ತಿದ್ದಾರೆ. ನಮ್ಮ ಗೋಕರ್ಣದವರು ಇದನ್ನು ಈಗಲೇ ಗಮನಿಸಬೇಕು.

ಸರ್ಫಿಂಗ್ ನಮ್ಮದಲ್ಲ ಅನ್ನುವವರಿಗೆ ಒಂದು ಮಾತು. ಪಾಸ್ಕುವಾಲೆಸ್ ಎಂಬ ಪುಟ್ಟ ಕಡಲೂರಿನ ಆಲನ್ ಕ್ಲೀಲ್ಯಾಂಡ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೆಕ್ಸಿಕೋ ಪರವಾಗಿ ಅಲೆಗಿಳಿದ. ಕರ್ನಾಟಕ ಮೂಲದ, ಕೋವಳಂನಲ್ಲಿ ಬೆಳೆದ ರಮೇಶ್ ಬುದಿಹಾಳ್ 2025ರಲ್ಲಿ ಮಹಾಬಲಿಪುರದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದ. ಅವನೂ ಹೊರನಾಡ ಕನ್ನಡಿಗನೇ. ನಮ್ಮ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಎರಡು ದಶಕದಿಂದ ಕಲಿಸುತ್ತಿದೆ. ಸಸಿಹಿತ್ಲುವಿನಲ್ಲಿ 2016ರಲ್ಲೇ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದಿದೆ. ಕುಂದಾಪುರದಿಂದ ಮೂಲ್ಕಿ ಎಷ್ಟು ದೂರ? ಆದರೂ ನನ್ನ ಮಕ್ಕಳು ಅಲೆ ಕಲಿತದ್ದು ಮೆಕ್ಸಿಕೋದಲ್ಲಿ, ನನ್ನ ಅಕ್ಕನ ಮಗಳು ಇನ್ನೂ ಕಲಿತಿಲ್ಲ.

ಅಕ್ಕನಿಗೆ ಫೋನಿನಲ್ಲಿ ಹೇಳಿದೆ, ಡಿಸೆಂಬರಿನಲ್ಲಿ ಊರಿಗೆ ಬಂದಾಗ ನಿನ್ನ ಮಗಳನ್ನೂ ಮೂಲ್ಕಿಗೆ ಕರೆದುಕೊಂಡು ಹೋಗುತ್ತೇನೆ ಅಂತ. "ಹುಡುಗಿ ಕಪ್ಪಾಗ್ತಾಳೆ, ಆಮೇಲೆ ಜನ ಏನಂತಾರೆ" ಅಂದಳು. ತುಂಬು ತೋಳಿನ ಈಜು ಅಂಗಿ ಇರುತ್ತದೆ, ಮೊಣಕಾಲು ಮುಚ್ಚುವ ಚಡ್ಡಿ ಇರುತ್ತದೆ, ಕ್ರೀಮ್ ನಾನು ತರುತ್ತೇನೆ ಅಂದೆ. ಅಷ್ಟರಲ್ಲಿ ಫೋನ್ ಕಿತ್ತುಕೊಂಡವಳು ಅಮ್ಮ. ಸಾಯುಲೀಟಾದ ಕೊನೆಯ ಭಾನುವಾರ ಚೂಡಿದಾರ್ ಹಾಕಿಕೊಂಡು, ಮೊಮ್ಮಗಳ ಕೈ ಹಿಡಿದು ಸೊಂಟದವರೆಗೆ ಇಳಿದಿದ್ದವಳು ಅವಳು. "ಹೆಣ್ಣಿಗೆ ಕಡಲು ಕಲಿಸು ಮಾರಾಯ್ತಿ, ನಂಗೆ ಯಾರೂ ಕಲಿಸಲಿಲ್ಲ" ಅಂತ ಜೋರು ಮಾಡಿದಳು. ಅಕ್ಕ ಇನ್ನೂ ಹೂಂ ಅಂದಿಲ್ಲ. ಆದರೆ ಮಗಳ ಅಂಗಿಯ ಅಳತೆ ಕಳಿಸಿದ್ದಾಳೆ.