ರಜೆಯಲ್ಲೂ ಶಾಲೆ

1945ರಲ್ಲಿ ಯುದ್ಧ ಮುಗಿಸಿ ಮನೆಗೆ ಬಂದ ಬ್ರಿಟಿಷ್ ಸಿಪಾಯಿಯನ್ನು ನೆನೆಸಿಕೊಳ್ಳಿ. ವರ್ಷಗಟ್ಟಲೆ ಯಾರೋ ಎಬ್ಬಿಸಿದಾಗ ಎದ್ದಿದ್ದಾನೆ, ಹೇಳಿದ ಹೊತ್ತಿಗೆ ಉಂಡಿದ್ದಾನೆ, ಸಾಲು ಶೆಡ್ಡಿನಲ್ಲಿ ಮಲಗಿದ್ದಾನೆ. ಸಾಕಪ್ಪಾ ಸಾಕು, ಹೆಂಡತಿ ಮಕ್ಕಳ ಜೊತೆ ಒಂದು ವಾರ ಕಡಲ ದಡದಲ್ಲಿ ಕಾಲು ಚಾಚೋಣ ಅಂದುಕೊಂಡ. ಗಂಟುಮೂಟೆ ಕಟ್ಟಿ ಬಟ್ಲಿನ್ಸ್ ಹಾಲಿಡೇ ಕ್ಯಾಂಪಿಗೆ ಹೊರಟ. ಒಂದು ವಾರದ ಸಂಬಳಕ್ಕೆ ಒಂದು ವಾರದ ರಜೆ ಅಂತ ಜಾಹೀರಾತೇ ಇತ್ತಲ್ಲ.

ಮರುದಿನ ಬೆಳಿಗ್ಗೆ ಧ್ವನಿವರ್ಧಕ ಕಿರುಚಿತು. "ಗುಡ್ ಮಾರ್ನಿಂಗ್ ಕ್ಯಾಂಪರ್ಸ್!"

ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ.

ಕೆಲವರಿಗೆ ಆ ಗವಾಕ್ಷಿಯೂ ಹಳೇ ಪರಿಚಯವೇ. ಯುದ್ಧಕಾಲದಲ್ಲಿ ಇಂಗ್ಲೆಂಡಿನ ಕಡಲೂರು ಸ್ಕೆಗ್ನೆಸ್‌ನ ಬಟ್ಲಿನ್ಸ್ ಕ್ಯಾಂಪು ನೌಕಾಪಡೆಯ ತರಬೇತಿ ಕೇಂದ್ರವಾಗಿತ್ತು. ಇನ್ನೊಂದು ಕಡಲೂರು ಫೈಲಿಯದ್ದು ವಾಯುಪಡೆಯವರ ನೆಲೆಯಾಗಿತ್ತು. ಯುದ್ಧ ನಿಂತದ್ದೇ ತಡ, ಎರಡನ್ನೂ ರಜೆಯವರಿಗೆ ತೆರೆದರು. ಮೊದಲು ಸಂಬಳ ತಗೊಂಡು ಇದ್ದ ಜಾಗದಲ್ಲಿ ಈಗ ಸಂಬಳ ಕೊಟ್ಟು ಇರಬೇಕು. ಅಷ್ಟೇ ವ್ಯತ್ಯಾಸ.

ಈ ಕ್ಯಾಂಪುಗಳನ್ನು ಕಟ್ಟಿದ ಬಿಲ್ಲಿ ಬಟ್ಲಿನ್ ಸಾಹೇಬರ ಉದ್ದೇಶ ಒಳ್ಳೆಯದೇ ಇತ್ತು ಅನ್ನಿ. ಆಗಿನ ಕಡಲೂರುಗಳ ಬಾಡಿಗೆ ಮನೆಯ ಒಡತಿಯರು ಮಹಾ ಗಟ್ಟಿಗಿತ್ತಿಯರು. ತಿಂಡಿ ಆಯ್ತಾ, ಹೊರಡಿ. ಊಟದ ಹೊತ್ತಿನವರೆಗೆ ಬಾಗಿಲ ಹತ್ತಿರ ಸುಳಿಯಬೇಡಿ. ಮಳೆ ಬಂದರೆ? ಅದು ಮಳೆಯ ಕೆಲಸ. ವೇಲ್ಸಿನ ಬ್ಯಾರಿ ದ್ವೀಪದಲ್ಲಿ ಇದನ್ನು ಕಂಡು ಮರುಗಿದೆ ಅಂತ ಸಾಹೇಬರು ಹೇಳಿಕೊಳ್ಳುತ್ತಿದ್ದರು. ಮರುಗಿದವರು 1936ರಲ್ಲಿ ಸ್ಕೆಗ್ನೆಸ್‌ನಲ್ಲಿ ಯಾರನ್ನೂ ಹೊರಗೆ ಹಾಕದ ಜಾಗವೊಂದನ್ನು ಕಟ್ಟಿದರು. ಒಳಗೂ ಸುಮ್ನೆ ಬಿಡಲಿಲ್ಲ, ಅದು ಬೇರೆ ಮಾತು.

ಅಲ್ಲಿ ತಂಗುವ ಪುಟ್ಟ ಕೋಣೆಗೆ 'ಶ್ಯಾಲೆ' ಅಂತ ಹೆಸರು. ನಮ್ಮ ಕಿವಿಗೆ ಅದು ಶಾಲೆ ಅಂತಲೇ ಕೇಳುತ್ತದೆ. ತಪ್ಪೇನೂ ಇಲ್ಲ ಬಿಡಿ. ಬಂದವರನ್ನು ಕೆಂಟ್, ಯಾರ್ಕ್, ವಿಂಡ್ಸರ್ ಅಂತ 'ಹೌಸ್'ಗಳಾಗಿ ಹಂಚುತ್ತಿದ್ದರು. ನಲವತ್ತು ದಾಟಿದ ಗುಮಾಸ್ತ ತನ್ನ ಹೌಸಿಗೆ ಅಂಕ ತರಲು ಚೀಲದಲ್ಲಿ ಕಾಲಿಟ್ಟು ಕುಪ್ಪಳಿಸುತ್ತಿದ್ದ. ಊಟ ಮೊದಲ ಪಂಕ್ತಿ, ಎರಡನೇ ಪಂಕ್ತಿ. ಕೆಂಪು ಕೋಟಿನ 'ರೆಡ್‌ಕೋಟ್'ಗಳೇ ಮಾನಿಟರುಗಳು. ಮೊದಲ ವರ್ಷ ಜನ ತಮ್ಮ ಪಾಡಿಗೆ ತಾವು ಕೂತಿದ್ದರಂತೆ. ಬೇಜಾರಾಗಿದೆ ಅಂದುಕೊಂಡು ಸಾಹೇಬರು ನಗಿಸಲು ಆಳು ಬಿಟ್ಟರು. ಪರಿಚಯವಿಲ್ಲದವರ ಜೊತೆ ಮಾತಾಡದೆ ಕೂರುವುದೇ ಇಂಗ್ಲಿಷರಿಗೆ ಪರಮಸುಖ ಅಂತ ಅವರಿಗೆ ಯಾರೂ ಹೇಳಲಿಲ್ಲ ಅಂತ ಕಾಣುತ್ತದೆ.

ಇನ್ನು ಸ್ಪರ್ಧೆಗಳು. ಅಂದದ ಅಜ್ಜಿ ಯಾರು, ಗಂಟುಗಂಟು ಮಂಡಿ ಯಾರದ್ದು ಅಂತ ನೋಡುವುದು. ಪ್ಯಾಂಟು ಮೇಲೆತ್ತಿ ಸಾಲಾಗಿ ನಿಂತ ಗಂಡಸರ ಮಂಡಿ ನೋಡಿ ಬಹುಮಾನ ಕೊಡುತ್ತಿದ್ದರು. ಹಿಟ್ಲರನನ್ನು ಸೋಲಿಸಿದ ಮಂಡಿಗಳು ಸ್ವಾಮಿ!

ಕ್ಯಾಂಪಿಗೊಂದು ಧ್ಯೇಯವಾಕ್ಯವೂ ಇತ್ತು: ನಮ್ಮ ನಿಜ ಉದ್ದೇಶವೆಲ್ಲ ನಿಮ್ಮ ಸಂತೋಷಕ್ಕೆ. ಶೇಕ್ಸ್‌ಪಿಯರನ 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್' ನಾಟಕದ ಮಾತಿದು. ತಮಾಷೆ ಏನೆಂದರೆ, ನಾಟಕದಲ್ಲಿ ಅದನ್ನು ಹೇಳುವವನು ಪೂರ್ಣವಿರಾಮಗಳನ್ನೆಲ್ಲ ಎಡವಟ್ಟು ಮಾಡಿ, ನಿಮ್ಮ ಸಂತೋಷಕ್ಕೆ ನಾವು ಬಂದೇ ಇಲ್ಲ ಎಂಬ ಅರ್ಥ ಬರಿಸುತ್ತಾನೆ. ಗೋಡೆಗೆ ಬರೆಸಿದವರು ಅಲ್ಲಿಯವರೆಗೆ ಓದಿರಲಿಲ್ಲವೋ ಏನೋ.

ಆದರೂ ಆಗ ಮಕ್ಕಳಾಗಿದ್ದವರನ್ನು ಕೇಳಿ, ಕಣ್ಣು ಮಿನುಗುತ್ತದೆ. ಅವರ ಅಮ್ಮಂದಿರನ್ನು ಕೇಳಿದ್ದರೆ ಇನ್ನೂ ಜಾಸ್ತಿ ಮಿನುಗುತ್ತಿತ್ತು. ರೇಷನ್ ಪುಸ್ತಕ ಹಿಡಿದು ಕ್ಯೂ ನಿಲ್ಲುವ ಕಾಟ 1954ರವರೆಗೂ ಇತ್ತು. ಅಂಥದ್ದರಲ್ಲಿ ವಾರಪೂರ್ತಿ ಬೇರೆ ಯಾರೋ ಬೇಯಿಸಿ, ಬಡಿಸಿ, ಪಾತ್ರೆಯನ್ನೂ ತೊಳೆಯುತ್ತಾರೆ ಅಂದರೆ, ಧ್ವನಿವರ್ಧಕ ಎಷ್ಟು ಕಿರುಚಿದರೇನು? ಮಂಡಿ ತೋರಿಸಬೇಕಾದವನು ಹೇಗೂ ಗಂಡ.

ಸ್ಕೆಗ್ನೆಸ್‌ನಲ್ಲಿ 1936ರ ಶ್ಯಾಲೆಯೊಂದು ಇನ್ನೂ ನಿಂತಿದೆ. ಮಂಚ ಹಾಕಿದರೆ ತಿರುಗಲು ಜಾಗವಿಲ್ಲದ ಆ ಗೂಡು ಈಗ ಸರ್ಕಾರದ ಸಂರಕ್ಷಿತ ಪಾರಂಪರಿಕ ಕಟ್ಟಡ. ಪಕ್ಕದ ಕೋಣೆಯವರ ಗೊರಕೆ ಮಾತ್ರ ಆ ಪಟ್ಟಿಗೆ ಸೇರಿಲ್ಲ.